ನುಣ್ಣಗಾದ ಪೆನ್ನು

ವಿರೂಪಾಕ್ಷಿಪುರ
18-11-2024

ಚಿ. ಸೌ. ರಮ್ಯಾಳಿಗೆ ನಿನ್ನ ತಾಯಿ ಅಂಬುಜಮ್ಮ ಮಾಡುವ ಆಶೀರ್ವಾದ.

ನಾನು ಇಲ್ಲಿ ಗಟ್ಟಿಯಾಗಿದ್ದೇನೆ. ನೀನು ಅಲ್ಲಿ ಚೆನ್ನಾಗಿದ್ದೀಯ ಎಂದು ಊರೇ ಹೇಳುತ್ತಿದೆ, ಆದ್ದರಿಂದ ಕೇಳುವುದಿಲ್ಲ.

ಚನ್ನಪಟ್ಟಣದ ನಿನ್ನ ಬೊಂಬೆ ಅಂಗಡಿಗೆ ಹೊಸದಾಗಿ ಗಾಜಿನ ಬೀರು ಮಾಡಿಸಿದ್ದೀಯ. ಬರುವ ಶುಕ್ರವಾರ ಅದರ ಪೂಜೆ. ನನ್ನ ಹತ್ತಿರವಿರುವ ಪೆನ್ನುಗಳನ್ನೆಲ್ಲ ಕಳಿಸಿದರೆ ಅದರಲ್ಲಿ ಜೋಡಿಸಿಡುತ್ತೇನೆ, ಬಂದ ಗಿರಾಕಿಗಳು ನೋಡಲಿ ಎಂದು ನೀನು ಫೋನಿನಲ್ಲಿ ಹೇಳಿದೆ. ನಾನು ಉತ್ತರ ಕೊಡದೆ ಫೋನ್ ಇಟ್ಟೆ. ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ಆಡಿಲ್ಲ ಎನ್ನಬಹುದು. ಬರೆದದ್ದನ್ನು ಹಾಗೆನ್ನಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಟ್ರಂಕಿನಲ್ಲಿರುವುದು ಗಿರಾಕಿಗಳಿಗೆ ತೋರಿಸುವ ಸಾಮಾನಲ್ಲ. ಹಾಲಿನ ಸಂಘದ ಅಧ್ಯಕ್ಷೆಯಾಗಿದ್ದಾಗ ಮಾಗಡಿಗೋ ಕನಕಪುರಕ್ಕೋ ಸಭೆಗೆ ಹೋದರೆ, ಉಳಿದ ಹೆಂಗಸರು ಸೀರೆ ಅಂಗಡಿಗೆ ನುಗ್ಗುತ್ತಿದ್ದರು, ನಾನು ಹಳೆಯ ಪುಸ್ತಕದಂಗಡಿ ಹುಡುಕುತ್ತಿದ್ದೆ. ಅಂಥ ಅಂಗಡಿಯ ಅಟ್ಟದಲ್ಲಿ ಯಾರೂ ಕೊಳ್ಳದ ಒಂದೆರಡು ಪೆನ್ನು ಧೂಳು ಕುಡಿಯುತ್ತ ಕೂತಿರುತ್ತಿದ್ದವು. ಚಿನ್ನದ ಬಣ್ಣದ ಕ್ಯಾಪಿನ ಚೀನಾ ಪೆನ್ನು ಸಿಕ್ಕಿದ್ದು ಹಾಗೆ. ರಾಜಮಂಡ್ರಿಯಿಂದ ಹೇಳಿ ತರಿಸಿದ ದಪ್ಪನೆಯದಿದೆ. ಹೋದ ವರ್ಷ ಮೊಬೈಲಿನಲ್ಲೇ ತರಿಸಿಕೊಂಡ ಜಪಾನಿನದು ಕೂದಲೆಳೆಯಷ್ಟು ಸಣ್ಣಗೆ ಬರೆಯುತ್ತದೆ, ಒಂದು ಹನಿ ಸೋರುವುದಿಲ್ಲ, ಆದರೆ ಅದಕ್ಕೆ ಸೊಕ್ಕು ಜಾಸ್ತಿ, ಒರಟು ಕಾಗದ ಕೊಟ್ಟರೆ ಮುನಿಸಿಕೊಳ್ಳುತ್ತದೆ. ಬೆಳಿಗ್ಗೆ ಹಾಲು ಹಾಕಿ ಬಂದು, ಒಂದಕ್ಕೆ ಇಂಕು ತುಂಬಿ, ನಾಲ್ಕು ಸಾಲು ಬರೆದು, ಒದ್ದೆ ಗೆರೆ ಹೊಳೆದು ಒಣಗುವವರೆಗೆ ನೋಡುತ್ತ ಕೂರುವುದು ನನಗೆ ಸಂತೋಷ. ನಿಮ್ಮಪ್ಪ ಇದ್ದಾಗ, ಬರಿಯೋಳು ಒಬ್ಬಳು, ಪೆನ್ನು ಊರಿಗಾಗೋವಷ್ಟು ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಇವೆಲ್ಲಕ್ಕೂ ಹಿರಿಯದು ನನ್ನ ಅಪ್ಪ ಕೊಡಿಸಿದ ಕಪ್ಪು ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ, ಪೆನ್ನು. ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ನಾನು. ಕಾಲೇಜಿಗೆ ಕಳಿಸುವ ಧೈರ್ಯ ಅಪ್ಪನಿಗಿರಲಿಲ್ಲ. ಅದರ ಬದಲು ಮೈಸೂರಿಗೆ ಹೋಗಿ ಪೆನ್ನು ತಂದರು. ಆಗ ಪೆನ್ನಿನಂಗಡಿಯವರು ಕೊಂಡವರ ಹೆಸರನ್ನು ಸೂಜಿಯಂಥ ಉಳಿಯಲ್ಲಿ ಪೆನ್ನಿನ ಮೈಮೇಲೆ ಕೆತ್ತಿ ಕೊಡುತ್ತಿದ್ದರು. ‘ಬಿ. ಅಂಬುಜ’ ಎಂದು ಕೆತ್ತಿಸಿದ್ದರು. ಬಿ ಎಂದರೆ ಬೋರಲಿಂಗಯ್ಯ, ನಿನ್ನ ತಾತ. ಮದುವೆಯಾದ ಮೇಲೆ ಈ ಮನೆಯಲ್ಲಿ ಯಾವ ಪಾತ್ರೆಯ ಮೇಲೂ ನನ್ನ ಹೆಸರಿರಲಿಲ್ಲ. ಆ ಪೆನ್ನಿನ ಮೇಲಿತ್ತು.

ಚಿಕ್ಕವಳಿದ್ದಾಗ ಅದನ್ನು ಮುಟ್ಟಿದ್ದಕ್ಕೆ ನಿನಗೆ ಹೊಡೆದೆ ಎಂದು ಎಲ್ಲರ ಹತ್ತಿರ ಹೇಳುತ್ತೀಯಂತೆ. ಹೊಡೆದದ್ದು ನಿಜ. ನಿಬ್ಬು ಒಂದು ಕೈಯ ಓರೆಗೆ ಸವೆದಿರುತ್ತದೆ, ಇನ್ನೊಂದು ಕೈ ಒತ್ತಿ ಬರೆದರೆ ಕೆಡುತ್ತದೆ. ಅದನ್ನು ಹೇಳಿಕೊಟ್ಟೂ ನೀನು ಕೇಳಲಿಲ್ಲ. ಆದರೆ ನೀನು ಎಸ್ಸೆಸ್ಸೆಲ್ಸಿ ಪಾಸಾದಾಗ ನಾನು ಹಸಿರು ಪೆನ್ನು ತಂದು ನಿನ್ನ ಹೆಸರು ಕೆತ್ತಿಸಿ ಕೊಟ್ಟದ್ದನ್ನು ಯಾರ ಹತ್ತಿರವೂ ಹೇಳುವುದಿಲ್ಲ. ಚಿಕ್ಕರಾಜುವನ್ನು ಮದುವೆಯಾಗಿ ಹೊರಟಾಗ ಅದನ್ನು ಇಲ್ಲೇ ಬಿಟ್ಟುಹೋದೆ. ಅದೂ ಟ್ರಂಕಿನಲ್ಲಿದೆ. ನಿನ್ನ ಹೆಸರು ಹಾಗೇ ಇದೆ. ನಾನು ಅದನ್ನು ಉಜ್ಜಿಸಲು ಲೇತಿಗೆ ಕೊಟ್ಟಿಲ್ಲ.

ಹೊಸ ಹೈವೇ ಆದ ಮೇಲೆ ಹಳೇ ರಸ್ತೆಯಲ್ಲಿ ಕಾರುಗಳು ನಿಲ್ಲುವುದಿಲ್ಲ, ಬೊಂಬೆ ಅಂಗಡಿಯಲ್ಲಿ ವ್ಯಾಪಾರವಿಲ್ಲ ಎಂದು ನೀನು ಈ ಹಜಾರದಲ್ಲಿ ಕೂತು ಕಣ್ಣೀರಿಟ್ಟೆ. ಬಣ್ಣದ ಅರಗು ಹಾಕಿದ ಮರದ ಪೆನ್ನು ಮಾಡಿಸುತ್ತೇನೆ, ಅಳತೆಗೆ ತಾತನ ಪೆನ್ನು ಕೊಡು ಎಂದೆ. ಯಾರಿಗೂ ಕೊಡದಿದ್ದದ್ದನ್ನು ನಾನು ನಿನಗೆ ಕೊಟ್ಟೆ. ಅಳತೆ ತಗೊಂಡು ಹಾಗೇ ತಂದುಕೊಡಬೇಕು ಎಂದು ಒಂದೇ ಮಾತು ಹೇಳಿದ್ದೆ.

ಪೆನ್ನು ವಾಪಸು ಬಂದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳಿಗೆ ಸಿಗುತ್ತಿದ್ದ ಗೀರು ಸಿಗಲಿಲ್ಲ. ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದೆ. ಹೆಸರಿರಲಿಲ್ಲ. ನಿನ್ನನ್ನು ಕೇಳಿದ್ದಕ್ಕೆ, ಮಂಕಾಗಿತ್ತಲ್ಲ, ಒಸಿ ಪಾಲಿಷ್ ಮಾಡಿಸ್ದೆ, ಲೇತಿನವರಿಗೆ ಗೊತ್ತಾಗದೆ ಹೋಗಿರಬೇಕು ಎಂದೆ. ಚನ್ನಪಟ್ಟಣದವರು ಕೈಗೆ ಸಿಕ್ಕಿದ್ದನ್ನೆಲ್ಲ ಲೇತಿಗೆ ಸಿಕ್ಕಿಸಿ ನುಣ್ಣಗೆ ಮಾಡುವವರೇ, ಇದ್ದರೂ ಇರಬಹುದು ಎಂದು ನಂಬಿದೆ.

ಆಮೇಲೆ ನಮ್ಮ ಪಕ್ಕದ ಮನೆಯ ಭಾನುಪ್ರಿಯ ಬಂದಳು. ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗಿ. ದೀಪಾವಳಿಗೆ ಕಂಪನಿಯವರು ಎಲ್ಲರಿಗೂ ನಿನ್ನ ಅಂಗಡಿಯ ಪೆನ್ನು ಕೊಟ್ಟಿದ್ದರಂತೆ. ಅಜ್ಜಿಗೆ ಪೆನ್ನೆಂದರೆ ಪ್ರಾಣ ಎಂದು ಡಬ್ಬಿ ತಂದು ತೋರಿಸಿದಳು. ಪೆನ್ನು ಚೆನ್ನಾಗಿದೆ. ಅದನ್ನು ಇಲ್ಲ ಎನ್ನುವುದಿಲ್ಲ. ಡಬ್ಬಿಯೊಳಗೆ ಒಂದು ಚೀಟಿ ಇತ್ತು. ಅವಳೇ ಓದಿದಳು. ಕುರಿ ಕಾಯುತ್ತ ಮರದ ನೆರಳಲ್ಲಿ ಕೂತು ನಿನ್ನ ಅತ್ತೆ ಪುಟ್ಟಲಕ್ಷ್ಮಮ್ಮ ಅಕ್ಷರ ಕಲಿತದ್ದು ಒಂದು ಕಪ್ಪು ಪೆನ್ನಿನಲ್ಲಿ, ಈ ಪೆನ್ನಿಗೆ ಅದೇ ಅಳತೆ ಎಂದು ಬರೆದಿತ್ತು. ಪಕ್ಕದಲ್ಲಿ ನನ್ನ ಪೆನ್ನಿನ ಫೋಟೊ. ನುಣ್ಣಗಾದ ಮೇಲೆ ತೆಗೆದದ್ದು.

ನಾನು ಮರುದಿನ ಬಸ್ಸು ಹತ್ತಿ ಲೇತ್ ಇಟ್ಟಿರುವ ಫಕ್ರುದ್ದೀನ್ ಸಾಬರ ಮನೆಗೆ ಹೋದೆ. ಅವರು ಕುರ್ಚಿ ಒರೆಸಿ ಕೂರಿಸಿ ಟೀ ತರಿಸಿದರು. ನಾನು ಪೆನ್ನು ತೋರಿಸಿ, ಇದರ ಮೇಲೆ ಹೆಸರಿದ್ದದ್ದು ನಿಮಗೆ ಕಾಣಲಿಲ್ಲವೇ ಎಂದೆ. ಅವರು ತಲೆ ತಗ್ಗಿಸಿದರು.

“ಕಾಣದೆ ಏನಮ್ಮಾ. ಹೆಸ್ರು ಐತಲ್ಲ, ಉಜ್ಜಿದ್ರೆ ಹೋಯ್ತದೆ ಅಂತ ನಾನೇ ಅಂದೆ. ಅದು ಹೋಗ್ಲಿ ಅಂತಾನೇ ಕೊಟ್ಟಿರೋದು ಅಂದ್ರು ರಮ್ಯಕ್ಕ.”

ಟೀ ಕುಡಿಯದೆ ಎದ್ದು ಬಂದೆ. ನಿನಗೆ ಫೋನು ಮಾಡಿದ್ದಕ್ಕೆ ನೀನು ಹೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ, ನೀನೇ ಓದಿಕೋ: “ಕುರಿ ಕಾಯೋ ಹೆಂಗ್ಸು ಪೆನ್ನು ಹಿಡಿದ್ಲು ಅಂದ್ರೆ ಜನಕ್ಕೆ ಹಿಡಿಸ್ತದೆ ಅಮ್ಮ. ಡೇರಿ ಅಧ್ಯಕ್ಷೆ ಪೆನ್ನು ಇಟ್ಕೊಂಡಿದ್ಲು ಅಂದ್ರೆ ಅದ್ರಲ್ಲೇನೈತೆ?”

ಅದರಲ್ಲಿ ಏನಿತ್ತು ಎಂದು ನಿನಗೆ ಗೊತ್ತಿಲ್ಲದಿದ್ದರೆ ನಾನು ಹೇಳುವುದಕ್ಕೆ ಏನೂ ಉಳಿದಿಲ್ಲ.

ಆದರೆ ನಿನಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕಳೆದ ವಾರ ನಿನ್ನ ಅತ್ತೆ ನಮ್ಮ ಮನೆಗೆ ಬಂದರು. ನಿಮ್ಮ ಮದುವೆಯಾದಾಗಿನಿಂದ ಅವರು ಈ ಮೆಟ್ಟಿಲು ಹತ್ತಿರಲಿಲ್ಲ. ನಾನು ಕರೆದೂ ಇರಲಿಲ್ಲ. ಬಲಗೈಗೆ ಅರಿಶಿನದ ಬಟ್ಟೆ ಸುತ್ತಿಕೊಂಡಿದ್ದರು. ಕೈಗೆ ಏನಾಯಿತು ಎಂದು ಕೇಳಿದೆ.

“ಏನೂ ಆಗಿಲ್ಲ ಕಣಕ್ಕ. ನಿನ್ನ ಮಗಳು ಕಟ್ಟವ್ಳೆ.”

ಬಟ್ಟೆ ಬಿಚ್ಚಿ ತೋರಿಸಿದರು. ಒಂದು ಗೀರೂ ಇರಲಿಲ್ಲ. ಫ್ಯಾಕ್ಟರಿಯ ದೊಡ್ಡವರು ಅಂಗಡಿಗೆ ಬಂದು, ಈ ಅಮ್ಮನೇ ಅಲ್ಲವೇ, ಡಬ್ಬಿಯ ಮೇಲೆ ಸಹಿ ಹಾಕಿಕೊಡಿ ಎಂದರಂತೆ. ನಿನ್ನ ಅತ್ತೆ ಹೆಬ್ಬೆಟ್ಟು ಒತ್ತುವವರು. ಏನಾದರೂ ಗೀಚಿ ಅತ್ತೆ, ಅವರಿಗೇನು ತಿಳಿಯುತ್ತದೆ ಎಂದು ನೀನು ಕಿವಿಯಲ್ಲಿ ಹೇಳಿದೆಯಂತೆ. ಅವರು ಗೀಚಲಿಲ್ಲ. ಅಂದಿನಿಂದ, ಅಂಗಡಿಗೆ ಯಾರು ಬಂದರೂ ಕೈಗೆ ಪೆಟ್ಟಾಗಿದೆ ಎನ್ನುವುದಕ್ಕೆ ಬಟ್ಟೆ ಸುತ್ತಿ ಕೂರಿಸಿದೆಯಂತೆ. ಚೆನ್ನಾಗಿರುವ ಕೈಗೆ ಕಟ್ಟು ಕಟ್ಟಿಸಿಕೊಂಡು ಕೂತ ಆ ಹೆಂಗಸಿನ ಮುಖ ನೋಡಿದ್ದೀಯಾ?

ಪೆನ್ನು ಯಾರದು ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಬಿಚ್ಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟರು.

“ನಿನ್ನ ಹೆಸ್ರು ಕೆರೆದು ನನ್ನ ಹೆಸ್ರ ಕಟ್ಟವ್ಳೆ ಅನ್ನು. ನಂಗೆ ಬ್ಯಾಡ ಕಣಕ್ಕ ಅದು. ನನ್ನ ಹೆಸ್ರ ಬರಿಯಾಕೆ ಕಲಿಸಿಕೊಡು, ಸಾಕು. ಈ ಬಟ್ಟೆ ಬಿಚ್ಚಿ ಕೂತ್ಕೋಬೇಕು ನಾನು.”

ಬೇರೆಯವರು ಕೇಳಿದ್ದರೆ ಏನನ್ನುತ್ತಿದ್ದೆನೋ. ಅವರು ಕೇಳಿದ ರೀತಿಗೆ ಬೆಂಚು ಎಳೆದು ಪಕ್ಕಕ್ಕೆ ಕೂರಿಸಿಕೊಂಡೆ. ಬಾಲ್‌ಪೆನ್ನು ಕೊಟ್ಟರೆ ಕುರಿ ಕಟ್ಟುವ ಗೂಟದಂತೆ ಒತ್ತಿ ಕಾಗದ ಹರಿದರು. ಆಗ ಆ ನುಣ್ಣನೆಯ ಪೆನ್ನನ್ನೇ ತೆಗೆದು ಕೊಟ್ಟೆ. ಅದರ ನಿಬ್ಬು ನನ್ನ ಕೈಗೆ ಸವೆದದ್ದು, ಓರೆಯಾಗಿ ಹಗುರಾಗಿ ಹಿಡಿದರೆ ಮಾತ್ರ ಇಂಕು ಬಿಡುತ್ತದೆ. ಅದು ಹೇಳಿದಂತೆ ಅವರ ಕೈ ಕೇಳಿತು. ಕೈಗೆ ಮದ್ದು ಕಟ್ಟಿಸಲು ಪಂಡಿತರ ಹತ್ತಿರ ಹೋಗುತ್ತೇನೆ ಎಂದು ಅವರು ದಿನವೂ ನಿನಗೆ ಹೇಳಿ ಬಂದದ್ದು ಇಲ್ಲಿಗೇ. ಎಲ್ಲರೆದುರು ಕಟ್ಟು ಕಟ್ಟಿದವಳು ನೀನೇ, ಬೇಡ ಎನ್ನಲು ನಿನಗೆ ಬಾಯಿರಲಿಲ್ಲ. ಒತ್ತಕ್ಷರದ ಹತ್ತಿರ ಬಹಳ ಒದ್ದಾಡಿದರು. ಕುರಿ ಬೇಲಿಗೆ ಸಿಕ್ಕಿಕೊಂಡಂಗೆ ಐತೆ ಇದು ಎಂದು ಬೈದರು. ನಿನ್ನೆ ಪೂರ್ತಿ ಹೆಸರು ಬಂತು. ಅಕ್ಷರ ನನ್ನದರ ಹಾಗೇ ಓರೆಯಾಗಿದೆ.

ಶುಕ್ರವಾರ ನಾನು ಬರುವುದಿಲ್ಲ. ಪೆನ್ನುಗಳನ್ನೂ ಕಳಿಸುವುದಿಲ್ಲ. ನೀನು ಸತ್ತವರ ಹೆಸರುಗಳನ್ನು ಇಟ್ಟು ವ್ಯಾಪಾರ ಮಾಡು, ಬದುಕಿರುವವಳ ಹೆಸರನ್ನು ಕೆರೆಯಬೇಡ. ಅರಿಶಿನದ ಬಟ್ಟೆಯನ್ನು ಒಗೆದು, ಮಡಿಸಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಇನ್ನು ಅದು ಅವರಿಗೆ ಬೇಕಾಗುವುದಿಲ್ಲ. ಬಂದವರೆದುರು ಕೈ ಬಚ್ಚಿಡುವ ಕಾಲ ನಿನಗೇ ಬಂದರೆ ಇರಲಿ.

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು.

ಇತಿ ನಿನ್ನ ತಾಯಿ,
ಬಿ. ಅಂಬುಜ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಇವತ್ತು ಆ ಪೆನ್ನನ್ನು ಮತ್ತೆ ಫಕ್ರುದ್ದೀನ್ ಸಾಬರ ಹತ್ತಿರ ತೆಗೆದುಕೊಂಡು ಹೋಗಿ ಹೆಸರು ಕೆತ್ತಿಸಿದೆ. ಯಾವ ಹೆಸರು ಎಂದು ಕೇಳಿದರು. ಹೇಳಿದೆ. ನನ್ನ ಮುಖ ನೋಡಿ ಇನ್ನೊಮ್ಮೆ ಕೇಳಿದರು. ಪುಟ್ಟಲಕ್ಷ್ಮಮ್ಮ ಎಂದು ಬಿಡಿಸಿ ಹೇಳಿದೆ. ಇನ್ನು ಪೆನ್ನು ಅವರದು, ನಿನ್ನ ಚೀಟಿಯೂ ಅಷ್ಟರಮಟ್ಟಿಗೆ ಸುಳ್ಳಲ್ಲ. ಗಾಜಿನ ಬೀರುವಿಗೆ ಬೇಕಿದ್ದರೆ ಅವರನ್ನು ಕೇಳು. ಬಾಯಲ್ಲಿ ಕೇಳಬೇಡ, ಬರೆದು ಕೇಳು. ಸಂಕ್ರಾಂತಿ ಕಳೆಯಲಿ, ಅವರೇ ಓದಿಕೊಳ್ಳುತ್ತಾರೆ.