ಮಗಳ ಹೆಸರಿಗೆ ಮನೆ

ಮಾರ್ಚ್ 3, ಮಂಗಳವಾರ

ಇವತ್ತೂ ಇವರು ಕೆಳಗಿಳಿದು ಆಫೀಸಿನ ಶಟರ್ ಎತ್ತಿದರು. ನಮ್ಮ ಡ್ರೈವಿಂಗ್ ಸ್ಕೂಲ್ ಮುಚ್ಚಿ ಎರಡು ವರ್ಷವಾಯಿತು. ಹಿಂದೆಯೇ ಓಡಿದೆ. "ಇವತ್ತು ರಜೆ ಕಣ್ರೀ" ಅಂದೆ. "ಓ, ಹೌದಾ?" ಅಂದರು, ಮೇಲೆ ಬಂದು ಕಾಫಿ ಕುಡಿದರು. ಬೈಯೋಣವೆಂದರೆ ಅಷ್ಟು ಸಾಧು ಆಗಿಬಿಟ್ಟಿದ್ದಾರೆ. ಮೊದಲಿನ ಸಿಡುಕಾದರೂ ಇದ್ದಿದ್ದರೆ ಸಮಾಧಾನವಿತ್ತು.

ಮಧ್ಯಾಹ್ನ ಮಗಳು ಬಂದು ಲಾಯರಮ್ಮನ ಹತ್ತಿರ ಕರೆದೊಯ್ದಳು — ನನ್ನೊಬ್ಬಳನ್ನೇ. ಲಾಯರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಈ ಮರೆವು ವಾಸಿಯಾಗೋದಲ್ಲಮ್ಮ. ಮುಂದೆ ಯಜಮಾನ್ರನ್ನ ಆರೈಕೆ ಮನೆಗೆ ಸೇರಿಸ್ಬೇಕಾಗುತ್ತೆ. ಅಲ್ಲಿನ ಖರ್ಚು ಮೊದಲು ಬ್ಯಾಂಕಲ್ಲಿರೋದನ್ನ ತಿನ್ನುತ್ತೆ, ಆಮೇಲೆ ಮನೇನ. ಆಗ ನೀವೆಲ್ಲಿಗೆ ಹೋಗ್ತೀರ?"

ದಾರಿ ಒಂದೇ ಅಂತೆ. ಮನೆ ಇವರ ಹೆಸರಿನಲ್ಲಿದೆ. ಈಗಲೇ ಮಗಳಿಗೆ ಬರೆದುಕೊಡಬೇಕು, ನಾವಿಬ್ಬರೂ ಬದುಕಿರುವ ತನಕ ನಮ್ಮನ್ನು ಎಬ್ಬಿಸುವಂತಿಲ್ಲ ಎಂಬ ಷರತ್ತು ಹಾಕಿ. ನನ್ನ ಹೆಸರಿಗೆ ಮಾಡಿದರೆ ಉಪಯೋಗವಿಲ್ಲ, ಬಾಕಿ ವಸೂಲಿಗೆ ಬಂದವರು ಗಂಡ ಹೆಂಡತಿಯದು ಒಂದೇ ಎಂದು ನೋಡುತ್ತಾರಂತೆ. ಆಹಾ, ಇಷ್ಟು ವರ್ಷದಲ್ಲಿ ಈ ಮಾತು ಯಾರೂ ಹೇಳಿರಲಿಲ್ಲ!

"ಆದ್ರೆ ರಿಜಿಸ್ಟ್ರಾರ್ ಮುಂದೆ ಅವರೇ ಬಾಯಿಬಿಟ್ಟು ಹೇಳ್ಬೇಕು. ತಿಳಿದೇ ಕೊಡ್ತಿದಾರೆ ಅಂತ ಅನ್ನಿಸ್ಬೇಕು. ತಡ ಮಾಡ್ಬೇಡಿ."

ಆರೈಕೆ ಮನೆಯ ವಿಷಯ ಮಾತ್ರ ಇವರ ಕಿವಿಗೆ ಬೀಳಕೂಡದು. ಟ್ಯಾಕ್ಸ್ ಉಳಿಸೋಕೆ ಅಂತ ಹೇಳಿದರಾಯಿತು.

ಮಾರ್ಚ್ 5

ಮನೆ ಗುಡಿಸುತ್ತಾ ಗುಡಿಸುತ್ತಾ ಮೆಟ್ಟಿಲಲ್ಲೇ ಕೂತುಬಿಟ್ಟೆ. ನಾವು ಕೊಂಡಾಗ ಕೆಳಗೆ ಟೈರ್ ಅಂಗಡಿಯಿತ್ತು. ಎಷ್ಟು ತೊಳೆದರೂ ರಬ್ಬರ್ ವಾಸನೆ. ಈಗಲೂ ಬಿಸಿಲು ಜೋರಾದರೆ ಸಣ್ಣಗೆ ಬರುತ್ತದೆ, ಮಗಳು ಭ್ರಮೆ ಅನ್ನುತ್ತಾಳೆ.

ನಾನೂ ಇವರ ಸ್ಟೂಡೆಂಟೇ. ಯಾರ ತಪ್ಪು ಯಾವುದೋ ಅದೇ ಹೆಸರು ಇಡುತ್ತಿದ್ದರು. ಗೋಡೆ ಕಂಡರೂ ಹಾರನ್ ಹೊಡೆಯುತ್ತಿದ್ದೆನಾದ್ದರಿಂದ ನಾನು ಹಾರನ್ನು. "ಏನ್ರೀ ಹಾರನ್ನು, ಗೋಡೆ ಪಕ್ಕಕ್ಕೆ ಸರೀಬೇಕಾ?" ಎಷ್ಟು ಉರಿಯುತ್ತಿತ್ತು! ಕಲಿತು ಮುಗಿದ ಮೇಲೂ ಕ್ಲಾಸಿಗೆ ಹೋಗುತ್ತಿದ್ದೆ. ಅಪ್ಪನಿಗೆ ಅನುಮಾನ ಬರುವ ಹೊತ್ತಿಗೆ ಇವರೇ ಮನೆಗೆ ಬಂದು ಕೇಳಿದರು.

ಮಗಳು ಬೆಳೆದದ್ದೂ ಆ ಆಫೀಸಿನಲ್ಲೇ. ಅವಳ ಮೊದಲ ಮಾತು ಅಮ್ಮ ಅಲ್ಲ, ಅಪ್ಪ ಅಲ್ಲ — "ಬೇಕು, ಬೇಕು" ಅನ್ನುತ್ತಿದ್ದಳು. ಏನು ಬೇಕು ಚಿನ್ನ ಅಂತ ನಾವು ಕೈಗೆ ಸಿಕ್ಕಿದ್ದೆಲ್ಲ ಕೊಟ್ಟದ್ದೇ ಕೊಟ್ಟದ್ದು. ವಾರದ ಮೇಲೆ ಗೊತ್ತಾಯಿತು, ಅದು ಬ್ರೇಕು! ಇವರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಿದ್ದರು.

ಈ ಮನೆ ಯಾರಿಗೋ ಹೋಗುವುದಾ? ಆಗದು.

ಮಾರ್ಚ್ 9

ಪಾಠ ಶುರು. ಹಳೇ ಪದ್ಧತಿ. ಆಗ ಲೈಸೆನ್ಸ್ ಇನ್‌ಸ್ಪೆಕ್ಟರ್ ಪ್ರಶ್ನೆಗಳನ್ನು ಯಾವಾಗಲೂ ಒಂದೇ ಸಾಲಿನಲ್ಲಿ, ಒಂದರ ಹಿಂದೊಂದು, ಕೇಳುತ್ತಿದ್ದರು. ನಾನು ನಮ್ಮ ಸ್ಟೂಡೆಂಟುಗಳಿಗೆ ಅದೇ ಸಾಲಿನಲ್ಲಿ ಉತ್ತರ ಉರು ಹೊಡೆಸುತ್ತಿದ್ದೆ. ಬಾಯಿಪರೀಕ್ಷೆಯಲ್ಲಿ ನಮ್ಮವರು ಒಬ್ಬರೂ ಫೇಲಾದವರಿಲ್ಲ.

ಈಗ ಇವರಿಗೂ ಹಾಗೆಯೇ. ನಿಮ್ಮ ಹೆಸರು? ಏನು ಕೊಡ್ತಿದೀರ? ಯಾರಿಗೆ? ಯಾಕೆ? ಬಲವಂತ ಇದೆಯಾ? ಸಂಜೆಗೆ ಗಟಗಟ ಹೇಳಿದರು. ಖುಷಿಗೆ ಕೆನ್ನೆ ಹಿಂಡಿದೆ. "ಏಯ್, ಕ್ಲಾಸಲ್ಲಿ ಇದೆಲ್ಲ ಬೇಡ" ಅಂದರು!

ಮಾರ್ಚ್ 12, ಗುರುವಾರ

ಹಾಳಾಯಿತು.

ರಿಜಿಸ್ಟ್ರಾರ್ ಕುರ್ಚಿಯಲ್ಲಿ ಯಾರು ಅಂದರೆ ನಮ್ಮ ಕ್ಲಚ್ಚು! ಕ್ಲಚ್ ಮೇಲಿಂದ ಎಡಗಾಲು ಎತ್ತಲಾರದೆ ಇವರ ಟೆಸ್ಟಿನಲ್ಲೇ ಮೂರು ಸಲ ಫೇಲಾದ ಹುಡುಗ. ತಲೆ ಬೆಳ್ಳಗಾಗಿದೆ. ಎದ್ದು ನಿಂತು "ಸಾರ್!" ಅಂದ. ನಾನು ಗೆದ್ದೆ ಅಂದುಕೊಂಡೆ.

ಅವನು ಮೊದಲು ಕೇಳಿದ್ದೇ ಕೊನೆಯ ಪ್ರಶ್ನೆ. "ಸಾರ್, ಯಾರಾದ್ರೂ ಬಲವಂತ ಮಾಡ್ತಿದಾರಾ?" ಇವರು ಠೀವಿಯಿಂದ ತಮ್ಮ ಹೆಸರು ಹೇಳಿದರು. "ಯಾರಿಗೆ ಕೊಡ್ತಿದೀರ?" "ಕೆಳಗೆ ಆಫೀಸು, ಮೇಲೆ ಮೂರು ರೂಮು." "ಯಾಕೆ ಕೊಡ್ತಿದೀರ ಸಾರ್?" "ನನ್ನ ಮಗಳಿಗೆ." ಸಾಲು ತಪ್ಪಲಿಲ್ಲ, ಒಂದಕ್ಷರ ತಪ್ಪಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕ್ಲಚ್ಚು ನನ್ನ ಮುಖ ನೋಡಿದ. ಮೆಲ್ಲಗೆ, "ಇರ್ಲಿ ಸಾರ್. ನೀವು ಹೂಂ ಅನ್ನಿ ಸಾಕು, ನಾನು ಬರ್ಕೋತೀನಿ" ಅಂದ.

ಅಲ್ಲಿಯವರೆಗೆ ಸಾಧುವಾಗಿದ್ದ ಇವರು ತಟ್ಟನೆ ಹಳೇ ಮೇಷ್ಟರಾದರು. "ಹೂಂ ಅಂದ್ರೆ ಪಾಸಾ? ನಿನ್ನ ಮೂರು ಸಲ ವಾಪಸ್ ಕಳಿಸಿದೆ. ಪಾಪ ಅಂತ ಬಿಟ್ಟಿದ್ರೆ ಯಾರ ಮೇಲೆ ಹತ್ತಿಸ್ತಿದ್ಯೋ! ನಾನು ಫೇಲು. ಬರ್ಕೋ."

ಎದ್ದು ಹೊರಟೇಬಿಟ್ಟರು. ಕೋಪ ಬಂತು, ಅದರೊಳಗೇ ಹೆಮ್ಮೆಯೂ ಬಂತು. ಹೆಮ್ಮೆ ಕಟ್ಟಿಕೊಂಡು ಮನೆ ಉಳಿಯುತ್ತದೆಯೇ?

ಮಾರ್ಚ್ 13

ಮಗಳು ಫೋನಿನಲ್ಲಿ, "ಅಮ್ಮಾ, ನೀನು ಅಪ್ಪಂಗೆ ಉತ್ತರ ಕಲಿಸ್ದೆ. ವಿಷಯ ಹೇಳ್ಲೇ ಇಲ್ಲ" ಅಂದಳು.

ಹೇಗೆ ಹೇಳಲಿ? ನಿಮ್ಮನ್ನು ಮುಂದೊಂದು ದಿನ ಆರೈಕೆ ಮನೆಯಲ್ಲಿ ಬಿಟ್ಟು ಬರುತ್ತೇನೆ ಅಂತಲಾ? "ನಿಂಗೇನು ಗೊತ್ತು, ಸುಮ್ನಿರೆ" ಅಂದು ಫೋನಿಟ್ಟೆ. ಆಮೇಲೆ ಅತ್ತುಬಿಟ್ಟೆ.

ಏಪ್ರಿಲ್ 2, ಗುರುವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಪಾಠವನ್ನೂ ಮಾಡಲಿಲ್ಲ, ವಿಷಯವನ್ನೂ ಹೇಳಲಿಲ್ಲ. ಬೆಳಿಗ್ಗೆ ಇವರೇ ಇಸ್ತ್ರಿ ಶರಟು ಹಾಕಿಕೊಂಡು, "ಆ ಕ್ಲಚ್ಚಿನ ಆಫೀಸಿಗೆ ಹೋಗೋಣ ನಡಿ" ಅಂದರು. ನನ್ನ ಕಿವಿ ನಾನೇ ನಂಬಲಿಲ್ಲ. ಇಂಥ ತಿಳಿಯಾದ ಬೆಳಗು ಈಗ ಅಪರೂಪ. ಮಗಳಿಗೂ ಲಾಯರಮ್ಮನಿಗೂ ಫೋನ್ ಮಾಡಿ ಹೊರಟೆವು.

ಈ ಸಲ ಕ್ಲಚ್ಚು ನಮ್ಮನ್ನೆಲ್ಲ ಹೊರಗೆ ಕೂರಿಸಿದ. ಬಾಗಿಲು ಹಾಕಿಕೊಂಡ. ಒಳಗೆ ಒಮ್ಮೆ ಇವರ ನಗು ಕೇಳಿಸಿತು.

ಆಮೇಲೆ ಒಳಗೆ ಕರೆದ. ಸಹಿಯಾಯಿತು, ಹೆಬ್ಬೆಟ್ಟಾಯಿತು. ಮನೆ ಮಗಳದು. ಲಾಯರಮ್ಮ ಕೈ ಕುಲುಕಿದರು. ನಾನು ಅಳುವುದೋ ನಗುವುದೋ ತಿಳಿಯದೆ ನಿಂತಿದ್ದೆ. ಇವರನ್ನು ಮಗಳು ಕಾರಿನ ಕಡೆ ಕರೆದೊಯ್ದಾಗ ಕ್ಲಚ್ಚು ನನ್ನನ್ನು ತಡೆದ.

"ಮೇಡಂ, ಯಾಕೆ ಕೊಡ್ತಿದೀರ ಅಂದೆ. ಸಾರ್ ಏನಂದ್ರು ಗೊತ್ತಾ? ‘ನಾನು ಆರೈಕೆ ಮನೆಗೆ ಹೋದ್ರೆ ಅದರ ಖರ್ಚು ಈ ಮನೇನ ನುಂಗುತ್ತೆ. ಅವಳು ಬೀದಿಗೆ ಬರಬಾರ್ದು. ಡಾಕ್ಟರು ನಂಗೂ ಹೇಳಿದಾರೆ. ಅವಳು ಟ್ಯಾಕ್ಸು ಅಂತಾಳೆ, ಸುಳ್ಳು ಹೇಳೋಕೆ ಬರಲ್ಲ ಪಾಪ’ ಅಂತ ನಕ್ರು."

ನಾನು ಕಾರಿನ ಕಡೆ ನೋಡಿದೆ.

"ಇನ್ನೊಂದು ಹೇಳಿದಾರೆ ಮೇಡಂ. ‘ಅವಳಾಗಿ ನನ್ನ ಕಳಿಸಲ್ಲ. ಅವಳ ಗುರುತು ಸಿಗೋವಾಗ್ಲೇ ನಾನಾಗಿ ಹೋಗ್ಬೇಕು. ನಾನು ಮರೆತ್ರೆ ನೀನೇ ಅವಳಿಗೆ ಹೇಳು’ ಅಂದ್ರು. ಅದಕ್ಕೇ ಹೇಳ್ದೆ."

ಮನೆಗೆ ಬರುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ಯಾರನ್ನು ಕೇಳಿ ತೀರ್ಮಾನ ಮಾಡಿದರು? ಊಟದ ಹೊತ್ತಿಗೆ ಹಿಡಿದು ನಿಲ್ಲಿಸಿದೆ. "ಕ್ಲಚ್ಚಿಗೆ ಏನ್ರೀ ಹೇಳಿದ್ರಿ?"

"ಯಾವ ಕ್ಲಚ್ಚು?" ಅಂದರು. ಪೂರ್ತಿ ಅಳಿಸಿಹೋಗಿದೆ. ಜಗಳ ಆಡಲಿಕ್ಕೂ ಎದುರಿಗೆ ಜನ ಬೇಕಲ್ಲ... ಇನ್ನೊಂದು ಸೌಟು ಅನ್ನ ಬಡಿಸಿದೆ.

ಏಪ್ರಿಲ್ 21, ಬೆಳಿಗ್ಗೆ

ಮಗಳು ಎರಡು ಆರೈಕೆ ಮನೆ ನೋಡಿ ಬಂದಿದ್ದಾಳೆ. ಒಂದರಲ್ಲಿ ಕಿಟಕಿಯಿಂದ ರಸ್ತೆ ಕಾಣುತ್ತದಂತೆ, ಅಪ್ಪನಿಗೆ ಹಿಡಿಸುತ್ತದೆ ಅಂದಳು. ನೋಡೋಣ ಅಂದೆ. ನೋಡೋಣ ಅನ್ನುತ್ತಲೇ ಇದ್ದೇನೆ. ನಿನ್ನೆ ಸಂಜೆ ಇವರು ನನ್ನನ್ನು "ತಮ್ಮ ಹೆಸರೇನು?" ಅಂತ ಕೇಳಿದರು. ಬಹಳ ಮರ್ಯಾದೆಯಿಂದ. ಆಮೇಲೆ ತಾವೇ ನಕ್ಕು ಕೈ ಹಿಡಿದರು. ತಮಾಷೆಯೋ ಏನೋ, ಕೇಳಲು ಧೈರ್ಯವಾಗಲಿಲ್ಲ.

ಮನೆ ಉಳಿಯಿತು. ಒಬ್ಬಳೇ ಇದ್ದು ಏನು ಮಾಡಲಿ ಇದರಲ್ಲಿ?

ಈಗ ಬಾಗಿಲಲ್ಲಿ ನಿಂತಿದ್ದಾರೆ. ಶೂ ಹಾಕಿ, ತಲೆ ಬಾಚಿ, ಅಚ್ಚುಕಟ್ಟಾಗಿ. "ಹೊರಡೋಣ್ವಾ?" ಅನ್ನುತ್ತಿದ್ದಾರೆ. ಎಲ್ಲಿಗೆ ಅಂತ ನಾನು ಕೇಳುವುದಿಲ್ಲ. ಆರೈಕೆ ಮನೆಗೆ ಅಂತ ಅವರೂ ಹೇಳದಿದ್ದರೆ ಸಾಕು. ಕಾರು ತೆಗೆಯುತ್ತೇನೆ. ನನಗೆ ಕಲಿಸಿದ ರಸ್ತೆಯಲ್ಲೇ ಒಂದು ಸುತ್ತು ಹಾಕಿಸಿ ಮನೆಗೆ ವಾಪಸ್ ಕರೆದುಕೊಂಡು ಬಂದುಬಿಡುತ್ತೇನೆ.