ಬಣ್ಣ: ಕಪ್ಪು

ಲಾಯದ ಪಕ್ಕದ ಕೋಣೆ,
ಫೆಬ್ರವರಿ ೧೧, ಮಧ್ಯಾಹ್ನ

ಪ್ರೀತಿಯ ಅಣ್ಣಾ,

'ಪ್ರೀತಿಯ' ಎಂದು ಕೈ ತಾನಾಗಿ ಬರೆದುಬಿಟ್ಟಿತು, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡ. ಹೇಗಿದ್ದೀಯ? ಬಂದರಿನ ಕ್ರೇನಿನಲ್ಲಿ ಕೂತು ಕೂತು ನಿನ್ನ ಸೊಂಟ ಹಿಡಿದುಕೊಂಡಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮನ ಮಂಡಿ ನೋವು ಇದ್ದ ಹಾಗೇ ಇದೆ, ನಾಲಿಗೆಯೂ ಇದ್ದ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ. ಯೋಗಕ್ಷೇಮ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದನ್ನು ಕೂತು ಓದು.

ಹೋದ ತಿಂಗಳು ನಮ್ಮ ಸವಾರಿ ಶಾಲೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ನಮ್ಮ ಮಸಿಯನ್ನು ಹೊರಗೆ ಒಯ್ಯದಂತೆ ಅವಳ ಕೊಟ್ಟಿಗೆಯ ಬಾಗಿಲಿಗೆ ಸೀಲು ಹಾಕಿ, ಮೇವು ನೀರಿಗೆ ಒಳಗಿನ ಕಿರುಬಾಗಿಲಷ್ಟೇ ಬಿಟ್ಟು ಹೋದರು. ನೀನು ಮನೆ ಬಿಟ್ಟಾಗ ಅವಳು ವರ್ಷ ತುಂಬಿದ ಮರಿ, ಹೆಸರಿಗೆ ತಕ್ಕ ಹಾಗೆ ಕಪ್ಪು. ಈಗ ಅವಳಿಗೆ ಒಂಬತ್ತು, ಮೈಯೆಲ್ಲ ಹಾಲುಬಿಳುಪು. ಹುಟ್ಟುವಾಗ ಕಪ್ಪಗಿದ್ದು ವರ್ಷ ಕಳೆದಂತೆ ಬೆಳ್ಳಗಾಗುವ ಕುದುರೆಗಳಿರುತ್ತವೆ, ಅಂಥವನ್ನು ಕಾಗದದಲ್ಲಿ 'ಬೂದು' ಎಂದು ಬರೆಸಬೇಕು ಎಂಬುದನ್ನು ಲಾಯದಲ್ಲೇ ಬೆಳೆದ ನಿನಗೆ ನಾನು ಹೇಳಿಕೊಡಬೇಕೇ? ಇನ್ಸ್‌ಪೆಕ್ಟರು ನೋಂದಣಿ ಪುಸ್ತಕ ನೋಡಿದರು, ಕುದುರೆಯನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು. "ಇಲ್ಲಿ ಕಪ್ಪು ಅಂತಿದೆ. ಆ ಕುದುರೆ ಎಲ್ಲಿ ಹೋಯ್ತಮ್ಮಾ? ಯಾರಿಗೆ ಮಾರಿದ್ರಿ?" ಎಂದರು. ಪಾಠಕ್ಕೆ ಬಂದಿದ್ದ ಹನ್ನೊಂದು ಮಕ್ಕಳ ಎದುರಿಗೆ, ಅವರ ಅಪ್ಪ ಅಮ್ಮಂದಿರ ಎದುರಿಗೆ, ನಾನು ಕುದುರೆ ಕಳ್ಳಿಯಾದೆ. ಮೂವತ್ತು ದಿನದೊಳಗೆ ಕಾಗದ ಸರಿಮಾಡಿಸದಿದ್ದರೆ ದಾಖಲೆಯಿಲ್ಲದ ಪ್ರಾಣಿ ಎಂದು ಅವಳನ್ನು ಎಳೆದೊಯ್ದು ಹರಾಜಿಗೆ ಹಾಕುತ್ತಾರಂತೆ. ಅವಳು ಈಗ ತುಂಬು ಗಬ್ಬ. ಅದನ್ನು ಹೇಳಿದರೆ, "ಅದೂ ಬರ್ಕೋತೀನಿ" ಎಂದರು ಆ ಮಹಾನುಭಾವರು.

ನೋಂದಣಿ ಕಚೇರಿಗೆ ಐದು ಸಲ ಅಲೆದೆ. ಅಲ್ಲಿ ಮಾರಾಟಕ್ಕೊಂದು ಫಾರಂ, ಸಾವಿಗೊಂದು ಫಾರಂ, ಕಳುವಿಗೊಂದು ಫಾರಂ, ಬಣ್ಣಕ್ಕೆ ಮಾತ್ರ ಇಲ್ಲ. ಮೂರನೆಯ ಸಲ ಗುಮಾಸ್ತರಿಗೆ ನನ್ನ ಮೇಲೆ ಕನಿಕರ ಬಂತು. "ಯಾಕೆ ಒದ್ದಾಡ್ತೀರ? ಕರಿ ಕುದುರೆ ಸತ್ತೋಯ್ತು ಅಂತ ಬರ್ಕೊಡಿ, ಬಿಳೀದನ್ನ ಹೊಸದಾಗಿ ಸೇರಿಸ್ಕೋತೀನಿ. ಹತ್ತು ನಿಮಿಷದ ಕೆಲ್ಸ" ಎಂದು ಪೆನ್ನನ್ನೂ ಕೈಗೆ ಕೊಟ್ಟರು. ಅಣ್ಣಾ, ನಿಜ ಹೇಳುತ್ತೇನೆ, ಕ್ಯಾಪು ತೆಗೆದಿದ್ದೆ. ಆಮೇಲೆ ಕೇಳಿದೆ, ಹೊಸದಾಗಿ ಸೇರಿಸಿದರೆ ತಾಯಿಯ ಹೆಸರಿನ ಜಾಗದಲ್ಲಿ ಏನು ಬರೆಯುತ್ತೀರಿ ಎಂದು. "ಗೊತ್ತಿಲ್ಲ ಅಂತ." ಹೊಟ್ಟೆಯಲ್ಲಿರುವ ಮರಿಯ ಕಾಗದದಲ್ಲಿ? "ಅದಕ್ಕೂ ಅಜ್ಜಿ ಗೊತ್ತಿಲ್ಲ ಅಂತ." ಅಪ್ಪ ನಾಲ್ಕು ತಲೆಮಾರಿನಿಂದ ಎಣಿಸಿ ಹೇಳುತ್ತಿದ್ದ ವಂಶ, ಹತ್ತು ನಿಮಿಷದಲ್ಲಿ ಅನಾಥ. ಬದುಕಿ ಹುಲ್ಲು ಮೇಯುತ್ತಿರುವವಳನ್ನು ಸತ್ತಳೆಂದು ಬರೆಯಲು ನನ್ನ ಕೈ ಬರಲಿಲ್ಲ. ಪೆನ್ನು ಮೇಜಿನ ಮೇಲೆ ಕುಕ್ಕಿ, ಮೊದಲ ಅರ್ಜಿಯನ್ನು ತೋರಿಸಿ ಎಂದೆ. ಆ ಕಡತ ಹುಡುಕಿಕೊಡಲು ಅವರು ನನ್ನನ್ನು ಇನ್ನೆರಡು ಸಲ ಓಡಾಡಿಸಿದರು.

ಕಡತದಲ್ಲಿ ಮೊದಲು ಕಂಡದ್ದು ನಿನ್ನ ಕೈಬರಹ. ಬಣ್ಣ: ಕಪ್ಪು. ಆ ದಿನ ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಹದಿನೈದು ವರ್ಷದ ನಾನು ಮರಿಯ ಮುಖ ಹಿಡಿದು, ಕಣ್ಣಿನ ಸುತ್ತಲಿನ ಬಿಳಿ ಕೂದಲನ್ನು ತೋರಿಸಿ, ಇದು ಬೆಳ್ಳಗಾಗುತ್ತೆ, ಬೂದು ಅಂತ ಬರಿ ಎಂದೆ. ಅಪ್ಪನೂ ತಲೆಯಾಡಿಸಿದ. ನೀನು, "ಕುದುರೆ ನನ್ನ ಹೆಸರಲ್ಲಿ ತಾನೆ ಇರೋದು? ಕಣ್ಣಿಗೆ ಕಂಡಿದ್ದು ಬರೀತೀನಿ, ನಿನ್ನ ಕನಸನ್ನಲ್ಲ" ಎಂದು ನಕ್ಕೆ. ಹೋಗಲಿ, ಅವಸರದ ತಪ್ಪು ಎಲ್ಲರಿಂದಲೂ ಆಗುತ್ತದೆ. ಅದಕ್ಕೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಅದರ ಕೆಳಗೆ ಅಪ್ಪನ ಅರ್ಜಿ ಇತ್ತು. ಏಳು ವರ್ಷದ ಹಿಂದಿನದು. ಮರಿಯ ಬಣ್ಣ ತಿರುಗುತ್ತಿದೆ, ದಯವಿಟ್ಟು ದಾಖಲೆ ತಿದ್ದಿಕೊಡಿ ಎಂದು ಒತ್ತಿ ಒತ್ತಿ ಬರೆದ ಆ ದಪ್ಪ ಅಕ್ಷರ. ಅದಕ್ಕೆ ಕಚೇರಿಯವರು ಒಡೆಯನ ಸಹಿ ಬೇಕೆಂದು ನಿನ್ನ ವಿಳಾಸಕ್ಕೆ ರಿಜಿಸ್ಟರ್ಡ್ ಪತ್ರ ಕಳಿಸಿದ್ದಾರೆ. ನಿನಗೆ ತಲುಪಿದ ರಸೀದಿ ಅಲ್ಲೇ ಇದೆ, ಮೀನಿನ ಗಾಳದಂಥ ನಿನ್ನ ಸಹಿಯ ಸಮೇತ. ಕೊನೆಗೆ ಒಂದು ಸಾಲು: 'ಒಡೆಯರಿಂದ ಉತ್ತರವಿಲ್ಲ. ಮುಕ್ತಾಯ.' ಪತ್ರ ಸಿಕ್ಕರೂ ಸುಮ್ಮನಿದ್ದೆಯಲ್ಲಾ! ಮರಿಯನ್ನು ಮಾರಲು ಬಿಡಲಿಲ್ಲವೆಂದು ಅಪ್ಪನ ಮೇಲಿದ್ದ ಸಿಟ್ಟನ್ನು ಹೀಗೆ ತೀರಿಸಿಕೊಂಡೆಯಾ? ಅಪ್ಪ ಸಾಯುವವರೆಗೆ ನನಗಾಗಲಿ ಅಮ್ಮನಿಗಾಗಲಿ ಇದರ ಸುಳಿವೂ ಕೊಡಲಿಲ್ಲ. ಯಾರಾದರೂ ನಿನ್ನ ಬಗ್ಗೆ ಕೇಳಿದರೆ, "ಅವನಿಗೆ ಕೆಲಸ ಜಾಸ್ತಿ ಪಾಪ" ಎನ್ನುತ್ತಿದ್ದ. ಆ 'ಪಾಪ'ವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಿನ್ನೆ ಪಶುವೈದ್ಯೆಯನ್ನು ಕರೆಸಿದೆ, ಇನ್ಸ್‌ಪೆಕ್ಟರನ್ನೂ ಬರಮಾಡಿಕೊಂಡೆ. ಆಕೆ ಹೆಚ್ಚು ಮಾತಿನವರಲ್ಲ. ಮೊದಲ ಅರ್ಜಿಯಲ್ಲಿ ಮರಿಯ ಗುರುತು, ಸುಳಿಗಳನ್ನು ಬರೆದಿದ್ದ ಚಿತ್ರದ ನಕಲನ್ನು ನಾನು ತಂದಿಟ್ಟಿದ್ದೆ; ಅದನ್ನು ಇನ್ಸ್‌ಪೆಕ್ಟರ ಕೈಗೆ ಕೊಟ್ಟು, "ಹಣೇಲಿ ಚುಕ್ಕಿ, ಎಡ ಹಿಂಗಾಲು ಬಿಳಿ. ಸರಿಯಾ?" ಎಂದು ಕೇಳಿ, ಮಸಿಯ ಹಣೆಯ ಮೇಲೆ ಚೊಂಬಿನಿಂದ ನೀರು ಸುರಿದರು. ಬಿಳಿ ಕೂದಲು ಒದ್ದೆಯಾಗಿ ಅಂಟಿಕೊಂಡಿತು, ಒಳಗಿನ ಕಪ್ಪು ಚರ್ಮ ಕಂಡಿತು, ಅದರ ನಡುವೆ ವಾರೆಯಾದ ಗುಲಾಬಿ ಚುಕ್ಕಿ, ಚಿತ್ರದಲ್ಲಿದ್ದಂತೆಯೇ. ಎಡ ಹಿಂಗಾಲಿಗೆ ಸುರಿದರು, ಅಲ್ಲೂ ಗುಲಾಬಿ. ಕತ್ತಿನ ಎರಡು ಸುಳಿಗಳನ್ನು ಬೆರಳಿಟ್ಟು ತೋರಿಸಿದರು. "ಕೂದ್ಲು ನರೆಯುತ್ತೆ ಸಾರ್, ಸುಳಿ ಜಾಗ ಬಿಡಲ್ಲ. ನಿಮ್ಮ ತಲೇನೇ ಮುಟ್ಟಿ ನೋಡ್ಕೊಳ್ಳಿ." ಇನ್ಸ್‌ಪೆಕ್ಟರು ನಿಜವಾಗಿಯೂ ತಲೆ ಮುಟ್ಟಿಕೊಂಡರು! ಆಮೇಲೆ ಕುದುರೆಯ ಬೆನ್ನಿನ ಆಸರೆಯಲ್ಲೇ ವರದಿ ಬರೆದು, ತಮ್ಮ ಕೈಯಿಂದಲೇ ಸೀಲು ಕಿತ್ತರು. ಕಣ್ಣಾರೆ ಕಂಡ ವರದಿ ಇದ್ದರೆ ಬಣ್ಣ ತಿದ್ದಲು ಒಡೆಯನ ಸಹಿ ಬೇಕಿಲ್ಲವಂತೆ. ನನ್ನನ್ನು ಕಳ್ಳಿ ಎಂದದ್ದಕ್ಕೆ ಮಾತ್ರ ಒಂದು ಮಾತೂ ಆಡದೆ ಹೋದರು. ಇವತ್ತು ಬೆಳಿಗ್ಗೆ ಪುಸ್ತಕದಲ್ಲಿ 'ಕಪ್ಪು' ಹೊಡೆದುಹಾಕಿಸಿ 'ಬೂದು' ಎಂದು ಬರೆಸಿಕೊಂಡು ಬಂದೆ.

ಅತ್ತಿಗೆಗೆ ನಮಸ್ಕಾರ. ಪುಟ್ಟಿಗೆ ಅತ್ತೆಯ ಮುತ್ತು, ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಮ್ಮ ನಿನಗೆ ಆಶೀರ್ವಾದ ಬರೆ ಎಂದಿದ್ದಾಳೆ. ಬರೆದಿದ್ದೇನೆ.

ಇಂತಿ,
ನಿನ್ನ ತಂಗಿ

ವಿ.ಸೂ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಇದರೊಳಗೆ ಇನ್ನೊಂದು ಫಾರಂ ಇದೆ, ಮಸಿಯನ್ನು ನನ್ನ ಹೆಸರಿಗೆ ಮಾಡಿಕೊಡುವುದು. ಇದಕ್ಕೆ ನಿನ್ನ ಸಹಿಯೇ ಬೇಕು, ಯಾವ ವರದಿಯೂ ನಡೆಯುವುದಿಲ್ಲ. ಇನ್ನು ಮೂರು ವಾರಕ್ಕೆ ಮರಿ ಹಾಕುತ್ತಾಳೆ. ಹುಟ್ಟುವ ಮರಿಯೂ ನಿನ್ನದೆಂದು ಬರೆಸಲು ನನ್ನಿಂದಾಗದು. ಅಂಚೆಯಲ್ಲಿ ಕಳಿಸು. ಬೇಕಿದ್ದರೆ ನೀನೇ ತಗೊಂಡು ಬಾ. ಬಂದರೆ ಹಿತ್ತಿಲ ಗೇಟಿನಿಂದ ಬಾ, ಅದಕ್ಕೆ ಬೀಗ ಹಾಕಿಲ್ಲ.