ಫಕೀರಮ್ಮ ಹೆಸರು ಹೇಳಿದ್ದು

ಹನುಮಸಾಗರ
22 ಸೆಪ್ಟೆಂಬರ್ 2024

ಪ್ರೀತಿಯ ಮಗಳು ಮಹೇಶ್ವರಿಗೆ,

ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕುಳಿತು ದಿನಾ ಊರವರ ಟಪಾಲು ಒಡೆಯುವ ನಿನಗೆ ಸ್ವಂತ ಸೋದರಮಾವನಿಂದಲೇ ಒಂದು ಟಪಾಲು ಬಂತೆಂದರೆ ನಗು ಬಂದೀತು. ನಗು, ಅಡ್ಡಿಯಿಲ್ಲ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರಗಳಿವು. ಆದರೂ ನಮ್ಮ ಮಾಸ್ತರು ನನ್ನ ಪಾಟಿಯನ್ನು ಇಡೀ ಸಾಲಿಗೆ ಎತ್ತಿ ತೋರಿಸಿದ್ದರು ಎಂಬುದನ್ನು ನೀನು ಮರೆಯಬಾರದು. ಫೋನು ಮಾಡಬಹುದಿತ್ತು. ಆದರೆ ನೀನು ಕೊಡಿಸಿದ ಫೋನು ಈಗ ನನ್ನದಾಗಿ ಉಳಿದಿಲ್ಲ. ಬೆಳಗಾದರೆ ನಿನ್ನ ಅತ್ತೆ, ನನ್ನ ಹೆಂಡತಿ ಫಕೀರಮ್ಮನ ಮಡಿಲು ಸೇರುತ್ತದೆ, ಅದರೊಳಗೊಂದು ಗಿಳಿ ಕುಳಿತಿರುತ್ತದೆ. ಅಲ್ಲದೆ ನಾನು ಹೇಳಬೇಕಾದದ್ದು ಅವಳ ಎದುರಿಗೆ ಹೇಳುವಂಥದ್ದಲ್ಲ.

ಮೊನ್ನೆ ನೀನು ಫೋನಿನಲ್ಲೇ ಕುಣಿದಾಡಿಬಿಟ್ಟೆ. "ಮಾವಾ, ಅತ್ತಿ ನಿನ್ನ ಹೆಸರು ಹೇಳಿದ್ಲಂತಲ್ಲ, ಅವ್ವ ಹೇಳಿದ್ಲು. ಒಂದು ವಿಡಿಯೋ ಮಾಡಿ ಕಳಸು, ನಮ್ಮ ಗ್ರೂಪಿಗೆ ಹಾಕ್ತೀನಿ" ಎಂದೆ. ನಾನೂ ಮೀಸೆ ತಿರುವಿ, "ಯಾರ ಟ್ರೇನಿಂಗು ಅಂತ ತಿಳಿದಿ?" ಎಂದೆ. ಆ ವಿಡಿಯೋ ನಾನು ಕಳಿಸುವುದಿಲ್ಲ. ಯಾಕೆಂದು ಹೇಳಲು ಈ ಕಾಗದ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಫಕೀರಮ್ಮನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ತಿಳಿವಳಿಕೆ ಮಾತ್ರ ಪೂರಾ ಇತ್ತು. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ಬಟ್ಟಲನ್ನು ಎಡಗೈಯಿಂದ ನನ್ನ ಕಡೆಗೆ ನೂಕುತ್ತಿದ್ದಳು. ಆದರೆ ನಗುತ್ತಿರಲಿಲ್ಲ. ನಾನು ಎಷ್ಟು ದೊಡ್ಡ ಸುಳ್ಳು ಹೇಳಿದರೂ ನಗುತ್ತಿರಲಿಲ್ಲ. ನನ್ನ ಸುಳ್ಳಿಗೆ ನಗದ ಮನುಷ್ಯರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಗಿಳಿಗಳಿಗೂ ನನಗೂ ಇದ್ದ ಹಗೆ ನಿನಗೆ ಗೊತ್ತಿದೆ. ಸೂರ್ಯಕಾಂತಿ ಬಲಿಯುವ ಹೊತ್ತಿಗೆ ಹೊಲದ ಅಟ್ಟಣಿಗೆ ಏರಿ ಕವಣೆ ಬೀಸಿದೆನೆಂದರೆ ಕಲ್ಲು ಹೋಗಿ ಕುಷ್ಟಗಿಯಲ್ಲಿ ಬೀಳುತ್ತದೆ ಎಂದು ಹೇಳಿಕೊಂಡು ತಿರುಗಿದವನು ನಾನು. ಅಂಥವನು ಒಂದು ದಿನ ಫೋನಿನಲ್ಲಿ ಕುಕನೂರು ಸಂತೆಯ ಎತ್ತುಗಳನ್ನು ನೋಡಲು ಹೋಗಿ ಬೆರಳು ಎಲ್ಲಿಗೋ ತಾಗಿಸಿದೆ. ಬೂದಿ ಬಣ್ಣದ, ಕೆಂಪು ಬಾಲದ ಒಂದು ಗಿಳಿ ಯಾವುದೋ ದೇಶದ ಹೆಣ್ಣುಮಗಳ ಭುಜದ ಮೇಲೆ ಕುಳಿತು ಅವಳನ್ನೇ ಬಯ್ಯುತ್ತಿತ್ತು. ಭಾಷೆ ತಿಳಿಯಲಿಲ್ಲ, ಬೈಗುಳವೆಂಬುದು ತಿಳಿಯಿತು. ಹಿಂದೆ ಏನೋ ಸಪ್ಪಳವಾಯಿತು. ತಿರುಗಿ ನೋಡಿದರೆ ಫಕೀರಮ್ಮ ಅರ್ಧ ಬಾಯಲ್ಲಿ ನಗುತ್ತಿದ್ದಳು.

ಅಂದಿನಿಂದ ನಮ್ಮ ಮನೆಗೆ ಜಗತ್ತಿನ ಗಿಳಿಗಳೆಲ್ಲ ಬಂದುಹೋದವು. ಕುಣಿಯುವವು, ಬಾಗಿಲು ತೆರೆಯುವವು, ಬಣ್ಣದ ಹೆಸರು ಹೇಳುವವು. ಮೊದಲು ಅವಳಿಗಾಗಿ ಹುಡುಕುತ್ತಿದ್ದೆ. ಆಮೇಲೆ ಅವಳು ಮಲಗಿದರೂ ನಾನು ಬಿಡದಾದೆ. ಗಂಡಿನ ಕೊರಳಿಗೆ ಗುಲಾಬಿ ಪಟ್ಟಿ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಜೀವಮಾನವೆಲ್ಲ ಅವುಗಳಿಗೆ ಕಲ್ಲು ಬೀಸಿದವನಿಗೆ ಇದು ಗೊತ್ತಿರಲಿಲ್ಲ ನೋಡು. ಈ ಸಲ ಅಟ್ಟಣಿಗೆ ಏರಿದವನು ಕವಣೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತೆ. ಅವು ಒಂದು ಕಾಲಲ್ಲಿ ತೆನೆ ಹಿಡಿದು, ಕಾಳು ಸುಲಿದು, ಸಿಪ್ಪೆ ಉಗುಳುವುದನ್ನು ನೋಡುತ್ತಾ ಕುಳಿತೆ. ನಮ್ಮ ನಾಡಿನ ಗಿಳಿ ಸಾಕಿದರೆ ಅರಣ್ಯದವರು ಹಿಡಿಯುತ್ತಾರೆ, ಇಲ್ಲದಿದ್ದರೆ ಒಂದನ್ನು ತಂದೇಬಿಡುತ್ತಿದ್ದೆ.

ಮಕ್ಬುಲಸಾಬನ ಚಹದಂಗಡಿಯಲ್ಲಿ ನಾನು ಗಿಳಿಗಳ ಮೇಲೆ ಭಾಷಣ ಶುರು ಮಾಡಿದರೆ ಜನ ಎದ್ದು ಹೋಗುವಷ್ಟಾಯಿತು. "ಏನೋ ಓಬಳೆಪ್ಪ, ಗಿಳಿಶಾಸ್ತ್ರದ ಪಂಜರ ಯಾವಾಗ ತರ್ತಿ? ಮೊದಲನೇ ಚೀಟಿ ನಂದು ತಗಸಬೇಕು ನೋಡು" ಎಂದು ಅವನು ಕೆಣಕಿದ. "ನಿನ್ನ ಚೀಟಿ ನೋಡಿದ್ರ ಗಿಳಿನೂ ಅಳ್ತೈತಿ, ಸುಮ್ನ ಚಾ ಸೋಸು" ಎಂದೆ.

ಗಿಳಿಗೆ ಮಾತು ಕಲಿಸುವ ವಿಡಿಯೋ ಸಿಕ್ಕಿದ್ದು ಆಮೇಲೆ. ವಸ್ತುವನ್ನು ಕಣ್ಣೆದುರು ಹಿಡಿಯಬೇಕು, ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳಬೇಕು, ತಿರುಗಿ ಹೇಳಿದರೆ ತಿನ್ನಲು ಕೊಡಬೇಕು. ನಾನು ಒಂದು ಕೈಯಲ್ಲಿ ನೀರಿನ ಚರಿಗೆ, ಇನ್ನೊಂದು ಕೈಯಲ್ಲಿ ಶೇಂಗಾ ಉಂಡೆ ಹಿಡಿದು ಫಕೀರಮ್ಮನ ಎದುರು ಕುಳಿತೆ. ಅವಳು ಉಂಡೆಯನ್ನು ಮೊದಲೇ ಕಸಿದು ತಿಂದು, ಆಮೇಲೆ ಬಾಯಿ ಮುಚ್ಚಿಕೊಂಡಳು. ನಾನು ಯಾವ ಕಾಲಕ್ಕೂ ಅವಳನ್ನು ಗೆದ್ದವನಲ್ಲ. ಆದರೂ ಬೇಸಿಗೆಯ ಹೊತ್ತಿಗೆ "ನೀರು" ಬಂತು, "ಚಾ" ಬಂತು, ನನ್ನನ್ನು ನೋಡಿ "ಸಾಕು" ಬಂತು.

ಒಂದು ಮಾತನ್ನು ಮಾತ್ರ ಅವಳು ಮುಟ್ಟಲಿಲ್ಲ, ನನ್ನ ಹೆಸರು.

ಅದು ನಿನಗೂ ತಿಳಿದದ್ದೇ. ಗಂಡನ ಹೆಸರು ಹೇಳಬಾರದೆಂಬುದನ್ನು ಅವಳಷ್ಟು ಗಟ್ಟಿಯಾಗಿ ಹಿಡಿದವರು ಈ ಓಣಿಯಲ್ಲಿಲ್ಲ. ಮದುವೆಯ ದಿನ ಹೆಣ್ಣುಮಕ್ಕಳೆಲ್ಲ ಸುತ್ತುಗಟ್ಟಿ, ಒಡಪು ಹಾಕಿ ಹೆಸರು ಹೇಳು ಎಂದು ಅಡ್ಡ ನಿಂತಾಗಲೂ ಅವಳ ಬಾಯಿಂದ ಬರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಕಡೆ ಕೈ ಮಾಡುತ್ತಿದ್ದಳು. ಹೇಳಿಸಿಯೇ ತೀರುತ್ತೇನೆಂದು ನಾನು ಒಮ್ಮೆ ಸಜ್ಜೆಯ ಹೊಲದಲ್ಲಿ ಅಡಗಿ ಕುಳಿತೆ. ಕೂಗಿ ಕೂಗಿ ಅವಳ ಗಂಟಲು ಬಿದ್ದುಹೋಯಿತು, ಆದರೆ ಕೂಗಿದ್ದು, "ಮಹೇಶ್ವರಿ ಮಾವಾರ, ಎಲ್ಲಿ ಸತ್ರಿ?" ಎಂದು. ಮಕ್ಕಳಿಲ್ಲದ ಮನೆಯಲ್ಲಿ ನೀನು ಬೆಳೆದೆ, ಅದಕ್ಕೆ ನಿನ್ನ ಹೆಸರು ಹಿಡಿದು ನನ್ನನ್ನು ಕರೆದಳು. ನೀನು ಮದುವೆಯಾಗಿ ಹೋದ ಮೇಲೂ ಅದೇ ಕರೆ.

ಲಕ್ವಾ ಆದ ಮೇಲೆ ಕೊಪ್ಪಳದ ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಮಾತು ಕಲಿಸುವ ಹುಡುಗಿ ನನ್ನ ಕಡೆ ತೋರಿಸಿ, "ಇವ್ರ ಹೆಸರೇನಮ್ಮ?" ಎಂದು ಕೇಳಿತು. ಫಕೀರಮ್ಮ ಎಡಗೈಯಿಂದ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಆ ಹುಡುಗಿ, ನೆನಪಿಲ್ಲ ಎಂದು ಬರೆಯಲು ಹೊರಟಿತು. "ಬರೀಬ್ಯಾಡ್ರಿ ಮೇಡಂ" ಎಂದೆ. "ಬಾಯಿ ಗಟ್ಟಿ ಇದ್ದಾಗೂ ಹೇಳಿಲ್ಲ ಈಕಿ. ನೆನಪು ಐತಿ ಅಂತನ ಸುಮ್ನ ಕುಂತಾಳ." ಸೆರಗಿನೊಳಗೆ ಅವಳು ನಕ್ಕದ್ದು ನನಗೆ ಕಂಡಿತು. ಅಂದಿನಿಂದ ದಿನಕ್ಕೊಮ್ಮೆ ಬೇಕೆಂದೇ ಪಾಠ ಮಾಡುತ್ತಿದ್ದೆ. "ಹೇಳು, ಓ-ಬ-ಳೆ-ಪ್ಪ" ಎನ್ನುತ್ತಿದ್ದೆ. ಅವಳು ಸೆರಗು ಎಳೆದುಕೊಳ್ಳುತ್ತಿದ್ದಳು. ಉತ್ತರ ಸಿಕ್ಕಿತೆಂದು ನಾನು ಉಂಡೆ ಕೊಡುತ್ತಿದ್ದೆ.

ಶ್ರಾವಣದಲ್ಲಿ ಒಂದು ಮುಂಜಾನೆ ಅವಳು ಚಹದ ಬಟ್ಟಲು ಹಿಡಿದುಕೊಂಡವಳು ಕುಡಿಯುವುದನ್ನೇ ಮರೆತು ಕುಳಿತುಬಿಟ್ಟಳು. ಚಹಾ ಆರಿತು. ಕುಷ್ಟಗಿಯ ಡಾಕ್ಟರು ನೋಡಿ, ತಲೆಯಲ್ಲಿ ಇನ್ನೊಂದು ಸಣ್ಣ ನರ ಕಟ್ಟಿದೆ, ಈ ಸಲ ನೆನಪಿನ ಮೇಲೆ ಕಣ್ಣಿಡಿ ಎಂದರು. ನಾನು ನಿನಗೆ ಹೇಳಿದ್ದು ಬಿಸಿಲಿಗೆ ತಲೆ ತಿರುಗಿತ್ತು ಎಂದು.

ಅದಾದ ಮೇಲೆ ಮಾತು ಸಲೀಸಾಯಿತು, ಇದೇ ವಿಚಿತ್ರ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆ ಅನ್ನತೊಡಗಿದಳು. ಮೊನ್ನೆ ನಿಮ್ಮವ್ವ, ನನ್ನ ಅಕ್ಕ ವಿರೂಪಾಕ್ಷಮ್ಮ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಳು. ನನ್ನನ್ನು ತೋರಿಸಿ, "ಇಂವ ಯಾರವ್ವ?" ಎಂದು ಸುಮ್ಮನೆ ಕೇಳಿದಳು.

"ಓಬಳೆಪ್ಪ" ಎಂದಳು ಫಕೀರಮ್ಮ.

ಸಂತೆಯಲ್ಲಿ ಯಾರೋ ಯಾರನ್ನೋ ಕರೆದ ಹಾಗೆ. ಸೆರಗು ಹೆಗಲ ಮೇಲೆ ಇದ್ದಲ್ಲೇ ಇತ್ತು. ಅಕ್ಕನಿಗೆ ಕಣ್ಣಲ್ಲಿ ನೀರು ಬಂತು. "ಏ ತಮ್ಮಾ, ನಿನ್ನ ಹುಚ್ಚ ಗಿಳಿಗಳು ಗೆದ್ದವು ನೋಡೋ" ಎಂದು ಬೆನ್ನಿಗೆ ಗುದ್ದಿದಳು. ನಿನಗೆ ಸುದ್ದಿ ಮುಟ್ಟಿಸಲು ತನ್ನ ಫೋನು ತೆಗೆದುಕೊಂಡು ಕಟ್ಟೆಗೆ ಓಡಿದಳು.

ಅವಳು ಹೊರಗೆ ಹೋದಾಗ ನಾನು ಫಕೀರಮ್ಮನ ಎದುರಿಗೆ ಕುಳಿತೆ. "ನಾ ನಿನಗೆ ಏನಾಗಬೇಕು?" ಎಂದು ಕೇಳಿದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಹೆದರಿಕೆಯಿರಲಿಲ್ಲ, ಸಿಟ್ಟಿರಲಿಲ್ಲ, ಮರ್ಯಾದೆಯಿತ್ತು. ಆಮೇಲೆ, "ಯಾವೂರ್ರಿ?" ಎಂದಳು.

"ಇದ ಊರು, ಹನುಮಸಾಗರ" ಎಂದೆ.

ಬಂದವರಿಗೆ ಜಾಗ ಬಿಡುವ ಹಾಗೆ ಕಂಬಳಿಯ ಮೇಲೆ ತುಸು ಸರಿದು, "ಬರ್ರಿ" ಎಂದಳು. ನಾನು ಹೋಗಿ ಅತಿಥಿಯ ಹಾಗೆ ಕುಳಿತೆ. ಫೋನಿನಲ್ಲಿ ಗಿಳಿಯೊಂದು ಯಾರದೋ ಹೆಸರು ಕೂಗುತ್ತಿತ್ತು. ಇಬ್ಬರೂ ನೋಡಿದೆವು.

ಮಹೇಶ್ವರಿ, ಅವಳ ಬಾಯಿಗೆ ಈ ಹೆಸರು ಬರಲೆಂದು ನಾನು ಪಟ್ಟ ಪಾಡು ನಿನಗೆ ಗೊತ್ತಿದೆ. ಬಾರದಿದ್ದಾಗ ನಾನು ಅವಳ ಗಂಡನಾಗಿದ್ದೆ. ಗ್ರೂಪಿನಲ್ಲಿ ಅದನ್ನು ನೋಡಿ ನಮ್ಮವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ತಟ್ಟಿದರೆ ಅವರ ತಪ್ಪಿಲ್ಲ, ನನ್ನಿಂದ ಮಾತ್ರ ಅದನ್ನು ತಡೆದುಕೊಳ್ಳಲಾಗುವುದಿಲ್ಲ. ನಿಮ್ಮವ್ವನಿಗೆ ಇದನ್ನು ಈಗಲೇ ಹೇಳಬೇಡ, ಅವಳ ಖುಷಿ ನಾಲ್ಕು ದಿನ ಇರಲಿ. ರಜೆ ಸಿಕ್ಕಾಗ ಬಾ. ನಿನ್ನನ್ನು ನೋಡಿ ಅವಳು ಯಾವೂರು ಎಂದು ಕೇಳಿದರೆ ಅಳಬೇಡ, ಊರ ಹೆಸರು ಹೇಳಿ ಪಕ್ಕದಲ್ಲಿ ಕುಳಿತುಕೋ.

ಅಳಿಯನಿಗೆ ಆಶೀರ್ವಾದ ತಿಳಿಸು. ನನ್ನ ಕವಣೆಯ ಕಲ್ಲು ಇನ್ನೂ ಕುಷ್ಟಗಿಯವರೆಗೆ ಹೋಗುತ್ತದೆ ಎಂದು ಹೇಳು.

ಇಂತಿ ನಿನ್ನ ಸೋದರಮಾವ,
ಓಬಳೆಪ್ಪ

ತಾ.ಕ.: ಪಾಠ ನಿಲ್ಲಿಸಿದ್ದೇನೆ. ನಮ್ಮ ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಬೇಡಿ ಎಂದು ಮಕ್ಬುಲಸಾಬನಿಗೂ ಪಕ್ಕದ ಮನೆಯವರಿಗೂ ಹೇಳಿ ಬಂದಿದ್ದೇನೆ. ನನಗೆ ದೊಡ್ಡಸ್ತಿಕೆ ಬಂತೆಂದು ಅವರು ನಗುತ್ತಾರೆ. ಕಿವಿಗೆ ಬೀಳದಿದ್ದರೆ ಅವಳು ಆ ಹೆಸರನ್ನು ಮರೆಯಬಹುದು. ಆಮೇಲೆ ಯಾರಾದರೂ ನನ್ನನ್ನು ತೋರಿಸಿ ಕೇಳಿದಾಗ ಅವಳು ಸುಮ್ಮನೆ ಕುಳಿತರೆ, ಅದು ಮೊದಲಿನ ಹಾಗೆ ಸುಮ್ಮನೆ ಕುಳಿತದ್ದು ಎಂದು ನಾನು ತಿಳಿದುಕೊಳ್ಳಬಹುದು.